ಸ್ಕೂಬಲ್‌ನನ್ನು ಈಗಲೇ ಟ್ರೇಡ್ ಮಾಡಬೇಕಾ, ಇನ್ನೊಂದು ವರ್ಷ ಇಟ್ಟುಕೊಳ್ಳಬೇಕಾ?

ಟ್ರಾಯ್‌ವಾಸಿ

2025ರ ಡಿಸೆಂಬರ್. ಮಿಶಿಗನ್‌ನಲ್ಲಿ ಹಿಮ ಬಿದ್ದಾಯ್ತು. ಡೆಟ್ರಾಯಿಟ್ ಟೈಗರ್ಸ್ ಅಭಿಮಾನಿಗಳು ಎಲ್ಲಿ ಸೇರಿದರೂ ಒಂದೇ ಮಾತು. ಟಾರಿಕ್ ಸ್ಕೂಬಲ್‌ನನ್ನು ಬಿಟ್ಟುಕೊಡಬೇಕಾ, ಬೇಡವಾ?

ಬೇಸ್‌ಬಾಲ್ ಅಷ್ಟಾಗಿ ನೋಡದವರಿಗೆ ಸ್ವಲ್ಪ ಹಿನ್ನೆಲೆ. ಸ್ಕೂಬಲ್ ನಮ್ಮ ಎಡಗೈ ಪಿಚರ್, ಅಂದರೆ ಚೆಂಡು ಎಸೆಯುವವನು. 2018ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸುವ ಪದ್ಧತಿ) 9ನೇ ಸುತ್ತಿನವರೆಗೂ ಅವನನ್ನು ಯಾರೂ ಕೇಳಿರಲಿಲ್ಲ. 2024ರಲ್ಲಿ 18 ಗೆಲುವು, 4 ಸೋಲು, 228 ಸ್ಟ್ರೈಕ್‌ಔಟ್, ಅಂದರೆ ಚೆಂಡು ಹೊಡೆಯಲಾಗದೆ ಔಟ್ ಆದವರು ಅಷ್ಟು. ಲೀಗ್‌ನ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಬಂತು, ಒಂದು ವೋಟೂ ತಪ್ಪಲಿಲ್ಲ. 2025ರಲ್ಲಿ ಇಆರ್‌ಎ 2.21, ಅಂದರೆ 9 ಇನಿಂಗ್ಸ್‌ಗೆ ಸರಾಸರಿ ಎರಡು ಚಿಲ್ಲರೆ ರನ್. 241 ಸ್ಟ್ರೈಕ್‌ಔಟ್. ಮತ್ತೆ ಸೈ ಯಂಗ್. ಪೆಡ್ರೊ ಮಾರ್ಟಿನೆಜ್ ಆದಮೇಲೆ ಅಮೆರಿಕನ್ ಲೀಗ್‌ನಲ್ಲಿ ಸತತ ಎರಡು ವರ್ಷ ಇದನ್ನು ಗೆದ್ದ ಪಿಚರ್ ಇವನೇ.

ತೊಂದರೆ ಏನಂದ್ರೆ, 2026ರ ಸೀಸನ್ ಮುಗಿದ ಕೂಡಲೇ ಅವನು ಫ್ರೀ ಏಜೆಂಟ್, ಯಾವ ತಂಡಕ್ಕಾದರೂ ಹೋಗಬಹುದು. ಅವನ ಪರ ಮಾತಾಡುವವರು ಸ್ಕಾಟ್ ಬೋರಾಸ್. ಕಡಿಮೆ ಬೆಲೆಗೆ ಮೊದಲೇ ಒಪ್ಪಿಬಿಡುವ ಪೈಕಿ ಅಲ್ಲ ಅವರು. ಡಾಡ್ಜರ್ಸ್, ಮೆಟ್ಸ್ ತಂಡಗಳ ಹೆಸರು ಆಗಲೇ ಓಡಾಡುತ್ತಿವೆ.

ನನ್ನ ಮಾತು ಸರಳ. ಇಟ್ಟುಕೊಳ್ಳಿ. 2026ರಲ್ಲಿ ಗೆಲ್ಲೋಕೆ ನೋಡಿ. ಆಮೇಲೆ ಹೋದರೆ ಹೋಗಲಿ.

ಲೆಕ್ಕದ ಮೇಷ್ಟ್ರು

ಒಪ್ಪಲ್ಲ ಸಾರ್. ಟ್ರೇಡ್ ಮಾಡಬೇಕು. ಈ ಚಳಿಗಾಲದಲ್ಲೇ ಮಾಡಬೇಕು.

ಕಾರ್ಬಿನ್ ಬರ್ನ್ಸ್ ವಿಷಯ ನೋಡಿ. 2021ರ ನ್ಯಾಷನಲ್ ಲೀಗ್ ಸೈ ಯಂಗ್. ಫ್ರೀ ಏಜೆನ್ಸಿಗೆ ಒಂದೇ ವರ್ಷ ಉಳಿದಿತ್ತು. 2024ರ ಫೆಬ್ರವರಿಯಲ್ಲಿ ಮಿಲ್ವಾಕೀ ತಂಡ ಅವನನ್ನು ಬಾಲ್ಟಿಮೋರ್‌ಗೆ ಕೊಟ್ಟಿತು. ಬದಲಿಗೆ ಜೋಯಿ ಓರ್ಟಿಜ್, ಡಿ.ಎಲ್. ಹಾಲ್ ಮತ್ತು ಒಂದು ಡ್ರಾಫ್ಟ್ ಆಯ್ಕೆ. ಮಿಲ್ವಾಕೀ ಕಥೆ ಮುಗೀತು ಅಂತ ಜನ ಆಡಿಕೊಂಡರು. ಅವರು ಆ ವರ್ಷವೇ ಡಿವಿಜನ್ (ಲೀಗ್‌ನೊಳಗಿನ ತಮ್ಮ ಗುಂಪು) ಗೆದ್ದರು. 2025ರಲ್ಲಿ 97 ಪಂದ್ಯ ಗೆದ್ದರು. ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತಿದ್ದವನು ಅದೇ ಓರ್ಟಿಜ್.

ಬಾಲ್ಟಿಮೋರ್‌ಗೆ ಸಿಕ್ಕಿದ್ದು ಒಂದು ಒಳ್ಳೇ ಸೀಸನ್. ಪ್ಲೇಆಫ್‌ನಲ್ಲಿ ಬರ್ನ್ಸ್ 8 ಇನಿಂಗ್ಸ್ ಎಸೆದು ಒಂದೇ ರನ್ ಕೊಟ್ಟ. ತಂಡ 1-0 ಸೋತಿತು. ಆಮೇಲೆ ಅವನು 6 ವರ್ಷಕ್ಕೆ 210 ಮಿಲಿಯನ್ ಡಾಲರ್ ತಗೊಂಡು ಅರಿಜೋನಾಗೆ ಹೋದ. 2025ರ ಜೂನ್‌ನಲ್ಲಿ ಮೊಣಕೈಗೆ ಟಾಮಿ ಜಾನ್ ಸರ್ಜರಿ ಆಯ್ತು.

ಸ್ಕೂಬಲ್ ಕೈಯೂ ಹೊಸದಲ್ಲ. ಕಾಲೇಜಿನಲ್ಲಿದ್ದಾಗ 2016ರಲ್ಲಿ ಟಾಮಿ ಜಾನ್ ಆಗಿದೆ. 2022ರಲ್ಲಿ ಮುಂಗೈ ಸ್ನಾಯುರಜ್ಜಿಗೆ ಇನ್ನೊಂದು ಸರ್ಜರಿ. ನವೆಂಬರ್‌ಗೆ 29 ತುಂಬಿತು. ಏಪ್ರಿಲ್‌ನಲ್ಲಿ ಒಂದು ದಿನ ಮೊಣಕೈ ಹಿಡಿದುಕೊಂಡು ಮೌಂಡ್‌ನಿಂದ (ಪಿಚರ್ ನಿಂತು ಎಸೆಯುವ ದಿಬ್ಬ) ಇಳಿದರೆ ಏನು ಮಾಡ್ತೀರಿ? ಟ್ರೇಡೂ ಇಲ್ಲ, ಗೆಲುವೂ ಇಲ್ಲ.

ಜಯನಗರ 4ನೇ ಬ್ಲಾಕ್

ಬೆಂಗಳೂರಿಂದ ಒಂದು ಪ್ರಶ್ನೆ, ಬೈಯಬೇಡಿ. ಈ ಫ್ರೀ ಏಜೆನ್ಸಿ ಅಂದ್ರೆ ಐಪಿಎಲ್ ಹರಾಜಿನ ಥರಾನಾ? ಆರ್‌ಸಿಬಿ 2024ರ ಹರಾಜಿಗೆ ಮುಂಚೆ ಸಿರಾಜ್‌ನನ್ನು ಬಿಟ್ಟಿತು. ಗುಜರಾತ್ 12.25 ಕೋಟಿಗೆ ತಗೊಂಡಿತು. ನಾವೆಲ್ಲ ಬೈದಿದ್ದೇ ಬೈದಿದ್ದು. ಮುಂದಿನ ಜೂನ್‌ನಲ್ಲಿ ಕಪ್ ನಮ್ದಾಯ್ತು! ಹಾಗಾಗಿ ಬಿಡೋದು ಯಾವಾಗಲೂ ಕೆಟ್ಟದ್ದಲ್ಲ ಅಂತ ನನ್ನ ಅನಿಸಿಕೆ.

ಟ್ರಾಯ್‌ವಾಸಿ

ಬೈಯೋದು ಯಾಕೆ, ಒಳ್ಳೇ ಪ್ರಶ್ನೆ. ಆದರೆ ವ್ಯವಸ್ಥೆ ಬೇರೆ.

ಇಲ್ಲಿ ಹುಡುಗನನ್ನು ಡ್ರಾಫ್ಟ್‌ನಲ್ಲಿ ತಗೊಂಡ ತಂಡಕ್ಕೆ ಅವನ ಮೇಲೆ ಹಕ್ಕು ಇರುತ್ತೆ. ಮೇಜರ್ ಲೀಗ್‌ನಲ್ಲಿ 6 ವರ್ಷದ ಸೇವೆ ಮುಗಿಯುವ ತನಕ ಅವನು ಬೇರೆ ಕಡೆ ಹೋಗುವ ಹಾಗಿಲ್ಲ. ಮೊದಲ ಸುಮಾರು ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸು. ಆಮೇಲೆ ಆರ್ಬಿಟ್ರೇಶನ್. ತಂಡ ಒಂದು ಮೊತ್ತ ಹೇಳುತ್ತೆ, ಆಟಗಾರ ಒಂದು ಹೇಳುತ್ತಾನೆ. ವಿಚಾರಣೆಗೆ ಹೋದರೆ ಮಂಡಳಿ ಎರಡರಲ್ಲಿ ಒಂದನ್ನು ಆರಿಸುತ್ತೆ. ನಡುವಿನ ಮೊತ್ತ ಕೊಡೋ ಹಾಗಿಲ್ಲ. 6 ವರ್ಷ ಆದಮೇಲೆ ಆಟಗಾರ ಸ್ವತಂತ್ರ. ಯಾರು ಎಷ್ಟಾದರೂ ಕೊಡಬಹುದು.

1975ಕ್ಕೆ ಮುಂಚೆ ಈ ಸ್ವಾತಂತ್ರ್ಯವೂ ಇರಲಿಲ್ಲ. ಮಾಲೀಕರು ಕಾಂಟ್ರಾಕ್ಟ್ ನವೀಕರಿಸುತ್ತಲೇ ಇರಬಹುದಿತ್ತು. ಆ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಜ್ ಇಬ್ಬರು ಪಿಚರ್‌ಗಳ ಪರ ತೀರ್ಪು ಕೊಟ್ಟರು. ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ. ಬಾಗಿಲು ತೆರೆದಿದ್ದು ಅಲ್ಲಿಂದ.

ಸಿರಾಜ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೆ. ಐಪಿಎಲ್‌ನಲ್ಲಿ ಒಬ್ಬನನ್ನು ಬಿಟ್ಟರೆ ಪರ್ಸ್‌ನಲ್ಲಿ ಆ ದುಡ್ಡು ಉಳಿಯುತ್ತೆ, ಇನ್ನೊಬ್ಬನಿಗೆ ಹಾಕಬಹುದು. ಇಲ್ಲಿ ಸಂಬಳಕ್ಕೆ ಗಟ್ಟಿ ಮಿತಿ ಇಲ್ಲ. ಜಾಸ್ತಿ ಖರ್ಚು ಮಾಡಿದರೆ ದಂಡದ ತೆರಿಗೆ ಕಟ್ಟಬೇಕು, ಅಷ್ಟೇ. ಸ್ಕೂಬಲ್‌ಗೆ ಕೊಡದೆ ಉಳಿಸಿದ ದುಡ್ಡು ಮಾಲೀಕರ ಜೇಬಿನಲ್ಲೇ ಕೂತರೂ ಕೇಳೋರಿಲ್ಲ.

ಹಳೇ ಟೈಗರ್

ನಾನು ಮಿಶಿಗನ್‌ಗೆ ಬಂದದ್ದು 1986ರಲ್ಲಿ. 1984ರ ವರ್ಲ್ಡ್ ಸೀರೀಸ್ ಗೆಲುವು ಎರಡು ವರ್ಷದಿಂದ ತಪ್ಪಿಹೋಯಿತು. ಅದಾದಮೇಲೆ ಡೆಟ್ರಾಯಿಟ್ ಗೆದ್ದೇ ಇಲ್ಲ. ನನ್ನ ಕಾಲ್ಗುಣ ಅಂತ ಮನೆಯವರು ಈಗಲೂ ಅನ್ನುತ್ತಾರೆ.

ಈ ಊರಿನ ತಂಡ ಪಿಚರ್‌ಗಳ ವಿಷಯದಲ್ಲಿ ಎಲ್ಲ ದಾರಿಯನ್ನೂ ತುಳಿದು ನೋಡಿದೆ. ಬರ್ನ್ಸ್ ಕಥೆ ಸರಿ. ನಮ್ಮ ಮನೆಯ ಕಥೆಯನ್ನೂ ಸ್ವಲ್ಪ ಕೇಳಿ.

1987ರಲ್ಲಿ ನಾವೇ ಕೊಳ್ಳುವ ಕಡೆ ಇದ್ದೆವು. ಅಟ್ಲಾಂಟಾದಿಂದ ಡಾಯ್ಲ್ ಅಲೆಕ್ಸಾಂಡರ್‌ನನ್ನು ತಂದೆವು. ಬಂದವನು 9 ಗೆದ್ದ, ಒಂದೂ ಸೋಲಲಿಲ್ಲ. ಡಿವಿಜನ್ ಗೆದ್ದೆವು. ಮುಂದಿನ ಸರಣಿಯಲ್ಲಿ ಮಿನೆಸೋಟ ಹೊಡೆದುಹಾಕಿತು. ಅವನಿಗಾಗಿ ಕೊಟ್ಟದ್ದು ಲ್ಯಾನ್ಸಿಂಗ್‌ನಲ್ಲಿ ಬೆಳೆದ 20 ವರ್ಷದ ಹುಡುಗನನ್ನು. ಹೆಸರು ಜಾನ್ ಸ್ಮೋಲ್ಟ್ಜ್. ಈಗ ಹಾಲ್ ಆಫ್ ಫೇಮ್‌ನಲ್ಲಿದ್ದಾನೆ.

2014ರ ಮಾರ್ಚ್‌ನಲ್ಲಿ ಮ್ಯಾಕ್ಸ್ ಷರ್ಜರ್‌ಗೆ 6 ವರ್ಷಕ್ಕೆ 144 ಮಿಲಿಯನ್ ಕೊಡುತ್ತೇವೆ ಅಂದರು. ಅವನು ಒಲ್ಲೆ ಅಂದ. ಟ್ರೇಡ್ ಮಾಡಲಿಲ್ಲ, ಇಟ್ಟುಕೊಂಡರು. ಸಾಲದ್ದಕ್ಕೆ ಜುಲೈನಲ್ಲಿ ಡೇವಿಡ್ ಪ್ರೈಸ್‌ನನ್ನೂ ತಂದರು. ವರ್ಲ್ಯಾಂಡರ್ ಇದ್ದೇ ಇದ್ದ. ಒಂದೇ ತಂಡದಲ್ಲಿ ಮೂವರು ಸೈ ಯಂಗ್ ವಿಜೇತರು. ಬಾಲ್ಟಿಮೋರ್ ನಮ್ಮನ್ನು 3-0 ಗುಡಿಸಿ ಹಾಕಿತು. ಷರ್ಜರ್ 210 ಮಿಲಿಯನ್‌ಗೆ ವಾಷಿಂಗ್ಟನ್ ಸೇರಿದ. ಅಲ್ಲಿ ಇನ್ನೆರಡು ಸೈ ಯಂಗ್, 2019ರ ವರ್ಲ್ಡ್ ಸೀರೀಸ್. ನಮಗೆ ಪರಿಹಾರವಾಗಿ ಸಿಕ್ಕಿದ್ದು ಒಂದು ಡ್ರಾಫ್ಟ್ ಆಯ್ಕೆ. ಕ್ರಿಸ್ಟಿನ್ ಸ್ಟೂವರ್ಟ್. ನೆನಪಿದೆಯಾ? ಯಾರಿಗೂ ಇರಲ್ಲ.

2015ರಲ್ಲಿ ಪ್ರೈಸ್‌ನನ್ನು ಬಿಟ್ಟುಕೊಟ್ಟೆವು. ಟೊರಾಂಟೊದಿಂದ ಡೇನಿಯಲ್ ನಾರಿಸ್, ಮ್ಯಾಥ್ಯೂ ಬಾಯ್ಡ್ ಮತ್ತು ಇನ್ನೊಬ್ಬ ಬಂದರು. ಬಾಯ್ಡ್ ಆಲ್‌ಸ್ಟಾರ್ ಆದದ್ದು ಹತ್ತು ವರ್ಷ ಬಿಟ್ಟು. ಅದೂ ಶಿಕಾಗೊ ಕಬ್ಸ್ ಬಟ್ಟೆಯಲ್ಲಿ.

2017ರ ಆಗಸ್ಟ್ ಕೊನೆಯ ರಾತ್ರಿ ವರ್ಲ್ಯಾಂಡರ್ ಹೂಸ್ಟನ್‌ಗೆ ಹೋದ. ಅವನಿಗೆ ಕಾಂಟ್ರಾಕ್ಟ್ ಇನ್ನೂ ಬಾಕಿ ಇತ್ತು, ಅದು ಬೇರೆ ಮಾತು. ಬಂದ ಮೂವರಲ್ಲಿ ದೊಡ್ಡ ಹೆಸರು ಫ್ರಾಂಕ್ಲಿನ್ ಪೆರೆಜ್. ಗಾಯದ ಮೇಲೆ ಗಾಯ. ಮೇಜರ್ ಲೀಗ್‌ನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ಉಳಿದುಕೊಂಡವನು ಕ್ಯಾಚರ್ ಜೇಕ್ ರಾಜರ್ಸ್. ಸ್ಕೂಬಲ್ ಎಸೆದದ್ದನ್ನು ಎಷ್ಟೋ ಸಲ ಹಿಡಿದವನು.

ಇಟ್ಟುಕೊಂಡೂ ಕಳೆದುಕೊಂಡೆವು, ಕೊಟ್ಟೂ ಕಳೆದುಕೊಂಡೆವು. ಹಾಗಾಗಿ ‘ಟ್ರೇಡ್ ಮಾಡಿದರೆ ನಾಲ್ಕು ಜನ ಚಿನ್ನದಂಥ ಹುಡುಗರು ಬರ್ತಾರೆ’ ಅನ್ನುವ ಮಾತನ್ನು ನಾನು ಪೂರ್ತಿ ನಂಬಲ್ಲ. ಬರುವವರ ಹೆಸರು ಮೊದಲ ದಿನ ಚೆನ್ನಾಗಿಯೇ ಕೇಳಿಸುತ್ತೆ.

ಲೆಕ್ಕದ ಮೇಷ್ಟ್ರು

ಹಳೇ ಟೈಗರ್ ಸಾರ್, ಗೌರವದಿಂದಲೇ ಹೇಳ್ತೀನಿ. ನೀವು ಒಂದು ಹೆಸರು ಬಿಟ್ಟಿರಿ. ಮೈಕಲ್ ಫುಲ್ಮರ್.

2015ರಲ್ಲಿ ಯೊಯೆನಿಸ್ ಸೆಸ್ಪೆಡಸ್‌ಗೆ ಫ್ರೀ ಏಜೆನ್ಸಿಗೆ ಕೆಲವೇ ತಿಂಗಳು ಬಾಕಿ ಇತ್ತು. ಅವನನ್ನು ಮೆಟ್ಸ್‌ಗೆ ಕೊಟ್ಟು ಫುಲ್ಮರ್‌ನನ್ನು ತಂದರು. 2016ರಲ್ಲಿ ಅವನೇ ವರ್ಷದ ಹೊಸ ಆಟಗಾರ. 2017ರಲ್ಲಿ ಆಲ್‌ಸ್ಟಾರ್. ಅಂದರೆ ಟ್ರೇಡ್ ಕೆಲಸ ಮಾಡಿತು. ಆದರೆ ಆಗ ತಂಡ ಇಳಿಮುಖದಲ್ಲಿತ್ತು. ಫುಲ್ಮರ್ ಬೆಲೆ ನೆತ್ತಿಯಲ್ಲಿದ್ದಾಗಲೇ ಕೊಡಬೇಕಿತ್ತು. ಕೊಡಲಿಲ್ಲ. 2019ರಲ್ಲಿ ಟಾಮಿ ಜಾನ್. 2022ರಲ್ಲಿ ಕೊನೆಗೂ ಕೊಟ್ಟಾಗ ಬದಲಿಗೆ ಬಂದವನು ಒಬ್ಬನೇ, ಸಾಯರ್ ಗಿಪ್ಸನ್-ಲಾಂಗ್. ಪಿಚರ್‌ನನ್ನು ಹೆಚ್ಚು ದಿನ ಹಿಡಿದುಕೊಂಡರೆ ಹೀಗೇ ಆಗೋದು.

ಸಿಯಾಟಲ್ ಮಳೆ

ಡೆಟ್ರಾಯಿಟ್ ಬಂಧುಗಳೇ, ಅಕ್ಟೋಬರ್ 10ರ ರಾತ್ರಿ ನೆನಪಿಸಲಾ? 😁

ಟ್ರಾಯ್‌ವಾಸಿ

ಬೇಡ ಮಾರಾಯ.

ಸಿಯಾಟಲ್ ಮಳೆ

ನೆನಪಿಸಿಯೇ ಬಿಡ್ತೀನಿ. ಯಾಕಂದ್ರೆ ಈ ಚರ್ಚೆಗೆ ಅದು ಬೇಕು.

ಡಿವಿಜನ್ ಸರಣಿ, 5ನೇ ಪಂದ್ಯ. ಸೋತವರು ಮನೆಗೆ. ಸ್ಕೂಬಲ್ 6 ಇನಿಂಗ್ಸ್‌ನಲ್ಲಿ 13 ಸ್ಟ್ರೈಕ್‌ಔಟ್ ಮಾಡಿದ. ಅದರಲ್ಲಿ 7 ಒಂದರ ಹಿಂದೆ ಒಂದು. ನಮ್ಮ ಮರಿನರ್ಸ್ ಹುಡುಗರು ಬ್ಯಾಟ್ ಹಿಡಿದು ಸುಮ್ನೆ ನಿಂತಿದ್ದರು. ಕೆರಿ ಕಾರ್ಪೆಂಟರ್ ಹೋಮ್ ರನ್ ಹೊಡೆದು ನಿಮ್ಮನ್ನು 2-1 ಮುಂದೆ ತಂದ. ಸ್ಕೂಬಲ್ 99 ಎಸೆತ ಮುಗಿಸಿ ಹೊರಗೆ ಹೋದ. ನನಗೆ ಉಸಿರು ಬಂತು. 7ನೇ ಇನಿಂಗ್ಸ್‌ನಲ್ಲಿ ಲಿಯೊ ರಿವಾಸ್ ಸಮ ಮಾಡಿದ. 15ನೇ ಇನಿಂಗ್ಸ್‌ನಲ್ಲಿ ಹೋರ್ಹೆ ಪೊಲಾಂಕೊ ಹೊಡೆದ, ನಾವು 3-2 ಗೆದ್ದೆವು. ಹತ್ತಿರ ಹತ್ತಿರ ಐದು ಗಂಟೆ ನಡೆದ ಪಂದ್ಯ.

ಈಗ ಹೇಳಿ. ಇದರಿಂದ ಏನು ಕಲಿತಿರಿ? ಸ್ಕೂಬಲ್ ಇಲ್ಲದಿದ್ದರೆ ನೀವು ಆ ಪಂದ್ಯದವರೆಗೂ ಬರ್ತಿರಲಿಲ್ಲ. ಸ್ಕೂಬಲ್ ಒಬ್ಬನೇ ಇದ್ದರೂ ಸಾಲಲಿಲ್ಲ.

ಅಂದಹಾಗೆ ಅವನು ಓದಿದ್ದು ನಮ್ಮ ಸಿಯಾಟಲ್ ಯೂನಿವರ್ಸಿಟಿಯಲ್ಲಿ. ಬೇಡವಾದರೆ ಇತ್ತ ಕಳಿಸಿ.

ಧಾರವಾಡ ಪೇಡಾ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡ್ರಿ. 2024ರಲ್ಲೂ ಹಿಂಗ ಆತು. ಕ್ಲೀವ್‌ಲ್ಯಾಂಡ್ ವಿರುದ್ಧ 5ನೇ ಪಂದ್ಯ, ಅವತ್ತೂ ಸ್ಕೂಬಲ್. ಲೇನ್ ಥಾಮಸ್ ಗ್ರ್ಯಾಂಡ್ ಸ್ಲ್ಯಾಮ್ (ಒಂದ ಹೊಡೆತಕ್ಕ ನಾಲ್ಕು ರನ್) ಹೊಡೆದು ಕಥೆ ಮುಗಿಸಿದ.

ಆದ್ರ ನನ್ನ ಪ್ರಶ್ನೆ ಬೇರೆ. ಮೇಷ್ಟ್ರು ಮಿಲ್ವಾಕೀ ಮಿಲ್ವಾಕೀ ಅಂತಾರ. ಮಿಲ್ವಾಕೀ ಹತ್ರ ಪಿಚರ್‌ಗಳನ್ನ ತಯಾರು ಮಾಡೋ ಕಾರ್ಖಾನೆನೇ ಐತಿ. ಒಬ್ಬ ಹೋದ್ರ ಇನ್ನೊಬ್ಬ ಬರ್ತಾನ. ನಮ್ಮಲ್ಲಿ ಸ್ಕೂಬಲ್ ಬಿಟ್ಟರ ಪ್ಲೇಆಫ್ ಮೊದಲ ಪಂದ್ಯಕ್ಕ ಯಾರನ್ನ ನಿಲ್ಲಿಸ್ತೀರಿ? ಈ ಸಲ ವೈಲ್ಡ್ ಕಾರ್ಡ್ ಮೊದಲ ಪಂದ್ಯದಾಗ 14 ಜನರನ್ನ ಸ್ಟ್ರೈಕ್‌ಔಟ್ ಮಾಡಿದ. ಅದೂ ಅದೇ ಕ್ಲೀವ್‌ಲ್ಯಾಂಡ್ ಮ್ಯಾಲೆ. ನಮ್ಮ ಕೈಯಿಂದ ಡಿವಿಜನ್ ಕಸಕೊಂಡಿದ್ದ ತಂಡದ ಮ್ಯಾಲೆ.

ಕ್ಯಾಂಟನ್ ಅಮ್ಮ

ಎಲ್ಲರೂ ಇಟ್ಟುಕೊಳ್ಳೋದು, ಬಿಟ್ಟುಕೊಡೋದು ಅಂತ ಎರಡೇ ಮಾತಾಡ್ತಿದ್ದೀರಿ. ಮೂರನೆಯದು ಯಾಕೆ ಯಾರೂ ಹೇಳ್ತಿಲ್ಲ? ಕೇಳಿದಷ್ಟು ದುಡ್ಡು ಕೊಟ್ಟು ಉಳಿಸಿಕೊಳ್ಳಬಾರದಾ?

ನನ್ನ ಮಗ ಲಿಟಲ್ ಲೀಗ್ ಆಡ್ತಾನೆ. ಎಡಗೈ. ಬೆನ್ನ ಮೇಲೆ ಸ್ಕೂಬಲ್‌ನ 29ನೇ ನಂಬರ್ ಬೇಕು ಅಂತ ಹಟ ಮಾಡಿ ತಗೊಂಡ. ಅವನಿಗೆ ಆರ್ಬಿಟ್ರೇಶನ್ ಗೊತ್ತಿಲ್ಲ. ‘ನಮ್ಮವನನ್ನ ನಾವ್ಯಾಕೆ ಕೊಡಬೇಕು’ ಅಂತಾನೆ. ನನ್ನ ಹತ್ರ ಉತ್ತರ ಇಲ್ಲ.

ಟೈಗರ್ಸ್ ಮಾಲೀಕರಾದ ಇಲಿಚ್ ಕುಟುಂಬಕ್ಕೆ ದುಡ್ಡಿಲ್ಲ ಅಂದರೆ ನಾನು ನಂಬಲ್ಲ. ಊರೂರಲ್ಲಿ ಲಿಟಲ್ ಸೀಸರ್ಸ್ ಪಿಜ್ಜಾ ಅಂಗಡಿ ಇದೆ. ಅಪ್ಪ ಮೈಕ್ ಇಲಿಚ್ ಇದ್ದಾಗ ಕೈ ಬಿಚ್ಚಿ ಖರ್ಚು ಮಾಡ್ತಿದ್ದರು. 2017ರಲ್ಲಿ ಅವರು ತೀರಿಕೊಂಡ ಮೇಲೆ ಮಗನ ಕೈ ಬಿಗಿ.

ಲೆಕ್ಕದ ಮೇಷ್ಟ್ರು

ಮೇಡಂ, ಕೇಳಿದಷ್ಟು ಅಂದರೆ ಎಷ್ಟು ಅಂತ ನೋಡೋಣ. ಪಿಚರ್‌ಗಳನ್ನೇ ತಗೊಳ್ಳಿ. ಗೆರಿಟ್ ಕೋಲ್‌ಗೆ 2019ರಲ್ಲಿ ಯಾಂಕೀಸ್ 9 ವರ್ಷಕ್ಕೆ 324 ಮಿಲಿಯನ್ ಕೊಟ್ಟರು. ಯಮಮೊಟೊಗೆ ಡಾಡ್ಜರ್ಸ್ 12 ವರ್ಷಕ್ಕೆ 325. ಮೊನ್ನೆ ನವೆಂಬರ್‌ನಲ್ಲಿ ಡಿಲನ್ ಸೀಸ್‌ಗೆ ಟೊರಾಂಟೊ 7 ವರ್ಷಕ್ಕೆ 210 ಕೊಟ್ಟಿತು. ಸೀಸ್ ಒಂದು ಸಲವೂ ಸೈ ಯಂಗ್ ಗೆದ್ದಿಲ್ಲ. ಸ್ಕೂಬಲ್ ಎರಡು ಗೆದ್ದಿದ್ದಾನೆ. ಬೋರಾಸ್ ಎಲ್ಲಿಂದ ಮಾತು ಶುರು ಮಾಡ್ತಾರೆ ಅಂತ ನೀವೇ ಊಹಿಸಿ.

ಇನ್ನೊಂದು. ಸ್ಕೂಬಲ್ ಆಟಗಾರರ ಸಂಘದ ಕಾರ್ಯಕಾರಿ ಉಪಸಮಿತಿಯಲ್ಲಿದ್ದಾನೆ. ಊರ ಮೇಲಿನ ಪ್ರೀತಿಗೆ ರಿಯಾಯಿತಿ ಕೊಟ್ಟು, ಮುಂದೆ ಬರುವ ಪಿಚರ್‌ಗಳ ಬೆಲೆ ಇಳಿಸುವ ಮನುಷ್ಯ ಅಲ್ಲ. ಅವನು ಮಾಡ್ತಿರೋದು ತಪ್ಪು ಅಂತ ನಾನು ಹೇಳ್ತಿಲ್ಲ.

ಹಳೇ ಟೈಗರ್

ಮಾಲೀಕರ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಷರ್ಜರ್ ಒಲ್ಲೆ ಅಂದ ಅದೇ ತಿಂಗಳು ಮಿಗೆಲ್ ಕಬ್ರೆರಾಗೆ 8 ವರ್ಷ, 248 ಮಿಲಿಯನ್ ಬರೆದುಕೊಟ್ಟರು. ಕಬ್ರೆರಾ ದೊಡ್ಡ ಆಟಗಾರ, ಎರಡು ಮಾತಿಲ್ಲ. ಆದರೆ ಆ ಕಾಂಟ್ರಾಕ್ಟ್‌ನ ಕೊನೆಯ ವರ್ಷಗಳಲ್ಲಿ ಮಂಡಿ, ಸೊಂಟ ಎಲ್ಲ ಹೋಗಿತ್ತು. ಆಮೇಲೆ ಹಾವಿಯರ್ ಬಾಯೆಜ್‌ಗೆ 6 ವರ್ಷ, 140 ಮಿಲಿಯನ್. ಅದು ಇನ್ನೂ ನಡೀತಾ ಇದೆ. ಪಿಚರ್ ಅಂದರಂತೂ ಅಪಾಯ ಇನ್ನೂ ಜಾಸ್ತಿ.

ಆದರೂ ಕ್ಯಾಂಟನ್ ತಂಗಿ ಹೇಳಿದ್ದು ಸರಿ. ಪ್ರಯತ್ನವನ್ನೇ ಮಾಡದೆ ‘ಹೋಗ್ತಾನೆ ಬಿಡಿ’ ಅನ್ನೋದು ಅಭಿಮಾನಿಗಳಿಗೆ ಮಾಡೋ ಅವಮಾನ.

ಜಯನಗರ 4ನೇ ಬ್ಲಾಕ್

ಹಾಗಾದರೆ ಜುಲೈ ತನಕ ಕಾಯಬಹುದಲ್ವಾ? ಗೆಲ್ತಿದ್ದರೆ ಇಟ್ಕೊಳ್ಳಿ, ಸೋಲ್ತಿದ್ದರೆ ಆಗ ಕೊಡಿ.

ಟ್ರಾಯ್‌ವಾಸಿ

ಬೆಂಗಳೂರಿನವರು ನೇರವಾಗಿ ವಿಷಯಕ್ಕೆ ಬಂದರು. ನನ್ನ ಯೋಚನೆಯೂ ಇದೇ. ಆದರೆ ಇದರಲ್ಲೂ ಒಂದು ಕೊಕ್ಕೆ ಇದೆ.

ಫ್ರೀ ಏಜೆಂಟ್ ಆಗುವವನಿಗೆ ತಂಡ ‘ಕ್ವಾಲಿಫೈಯಿಂಗ್ ಆಫರ್’ ಕೊಡಬಹುದು. ಒಂದು ವರ್ಷಕ್ಕೆ ನಿಗದಿತ ಮೊತ್ತ. ಈ ಚಳಿಗಾಲ ಅದು 22.025 ಮಿಲಿಯನ್. ನಮ್ಮ ಗ್ಲೇಬರ್ ಟೊರೆಸ್ ಅದನ್ನು ಒಪ್ಪಿಕೊಂಡು ಉಳಿದ. ಆಟಗಾರ ಬೇಡ ಅಂದು ಬೇರೆ ತಂಡಕ್ಕೆ ಹೋದರೆ ಹಳೇ ತಂಡಕ್ಕೆ ಒಂದು ಡ್ರಾಫ್ಟ್ ಆಯ್ಕೆ ಸಿಗುತ್ತೆ. ಆದರೆ ಸೀಸನ್ ಮಧ್ಯೆ ಟ್ರೇಡ್ ಆದವನಿಗೆ ಈ ಆಫರ್ ಕೊಡೋ ಹಾಗಿಲ್ಲ. ಅಂದರೆ ಜುಲೈನಲ್ಲಿ ಕೊಳ್ಳುವವರಿಗೆ ಸಿಗೋದು ಎರಡು ತಿಂಗಳು ಮತ್ತು ಅಕ್ಟೋಬರ್, ಅಷ್ಟೇ. ಬೆಲೆ ಇಳಿದೇ ಇಳಿಯುತ್ತೆ.

ಆದರೂ ಅಕ್ಟೋಬರ್ ಹುಚ್ಚು ದೊಡ್ಡದು. 2008ರ ಜುಲೈನಲ್ಲಿ ಸಿಸಿ ಸಬಾಥಿಯಾನನ್ನು ಮಿಲ್ವಾಕೀ ತಗೊಂಡಿತು. 11 ಗೆಲುವು, 2 ಸೋಲು, ಇಆರ್‌ಎ 1.65. ಆ ತಂಡ 26 ವರ್ಷದ ಮೇಲೆ ಪ್ಲೇಆಫ್ ನೋಡಿತು. ಕ್ಲೀವ್‌ಲ್ಯಾಂಡ್‌ಗೆ ಬಂದವರಲ್ಲಿ ದೊಡ್ಡ ಹೆಸರು ಮ್ಯಾಟ್ ಲಪೋರ್ಟಾ, ಅವನು ಬೆಳೆಯಲಿಲ್ಲ. ‘ಆಮೇಲೆ ಒಬ್ಬನನ್ನು ಕೊಡ್ತೀವಿ’ ಅಂತ ಬಾಕಿ ಇಟ್ಟಿದ್ದರಲ್ಲ, ಆ ಬಾಕಿ ಹುಡುಗ ಮೈಕಲ್ ಬ್ರ್ಯಾಂಟ್ಲಿ. ಅವನು ಆಲ್‌ಸ್ಟಾರ್ ಆದ. ಯಾರು ಬೆಳೀತಾರೆ ಅನ್ನೋದು ಕೊಟ್ಟವರಿಗೂ ಗೊತ್ತಿರಲ್ಲ, ತಗೊಂಡವರಿಗೂ ಗೊತ್ತಿರಲ್ಲ.

ಲೆಕ್ಕದ ಮೇಷ್ಟ್ರು

ಬೆಲೆ ಇಳಿಯುತ್ತೆ ಅಂತ ನೀವೇ ಹೇಳಿದಿರಿ. ಹಾಗಾದರೆ ಕಾಯೋದು ಯಾಕೆ?

ಪಿಚರ್ ಗ್ಯಾರೆಟ್ ಕ್ರೋಷೆಯನ್ನು ಶಿಕಾಗೊ ವೈಟ್ ಸಾಕ್ಸ್ ಕೊಟ್ಟಾಗ ಅವನ ಫ್ರೀ ಏಜೆನ್ಸಿಗೆ ಎರಡು ವರ್ಷ ಬಾಕಿ ಇತ್ತು. ಬಾಸ್ಟನ್‌ನಿಂದ ನಾಲ್ಕು ಹುಡುಗರು ಬಂದರು. ನಾವೂ ಕಳೆದ ಚಳಿಗಾಲದಲ್ಲೇ ಕೊಟ್ಟಿದ್ದರೆ ಇದಕ್ಕಿಂತ ಜಾಸ್ತಿ ಸಿಗ್ತಿತ್ತು. ಒಂದು ವರ್ಷ ಆಗಲೇ ಕರಗಿತು. ಅದರ ಮೇಲೆ ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತೆ. ಆಟವೇ ನಿಂತರೂ ನಿಲ್ಲಬಹುದು. ಅಂಥ ಗೊಂದಲದಲ್ಲಿ ಕೈಯಲ್ಲಿ ಬರೀ ಒಂದು ಡ್ರಾಫ್ಟ್ ಆಯ್ಕೆ ಹಿಡಿದು ಕೂರಬೇಕಾ?

ಧಾರವಾಡ ಪೇಡಾ

ವೈಟ್ ಸಾಕ್ಸ್ 2024ರಲ್ಲಿ 121 ಪಂದ್ಯ ಸೋತಿತ್ತು ಮೇಷ್ಟ್ರ. ಅವರಿಗೆ ಕ್ರೋಷೆ ಇಟ್ಕೊಂಡು ಏನ್ ಮಾಡೋದಿತ್ತು? ನಾವು ಎರಡು ವರ್ಷ ಒಂದೊಂದು ಪಂದ್ಯದಾಗ ಅವಕಾಶ ಕಳಕೊಂಡವರು. ರೈಲಿ ಗ್ರೀನ್ ಅದಾನ. ಕ್ಯಾಚರ್ ಡಿಂಗ್ಲರ್ ಗೋಲ್ಡ್ ಗ್ಲೌವ್ ಗೆದ್ದಾನ. ಕೆಳಗಿಂದ ಕೆವಿನ್ ಮೆಕ್‌ಗೊನಿಗಲ್, ಮ್ಯಾಕ್ಸ್ ಕ್ಲಾರ್ಕ್ ಬರಾಕತ್ತಾರ. ಸೋಲೋ ತಂಡದ ಲೆಕ್ಕ ಗೆಲ್ಲೋ ತಂಡಕ್ಕ ಹಾಕಬ್ಯಾಡ್ರಿ. ಟ್ರೇಡ್‌ನಾಗ ಬರೋ ಹುಡುಗೂರು 2029ಕ್ಕ ಸ್ಕೂಬಲ್ ಆಗ್ತಾರಂತ ಕಾಯೋ ಬದಲು, 2026ಕ್ಕ ಸ್ಕೂಬಲ್‌ನ ಸ್ಕೂಬಲ್ ಆಗಿರಲಿ.

ಸಿಯಾಟಲ್ ಮಳೆ

ನಾವು ನಮ್ಮ ಬೆಳೆಯುತ್ತಿರುವ ಹುಡುಗ ಕೋಲ್ಟ್ ಎಮರ್ಸನ್‌ನನ್ನು ಕೊಟ್ಟರೆ?

ಧಾರವಾಡ ಪೇಡಾ

ಮಾತಾಡಬಹುದು. 😄

ಟ್ರಾಯ್‌ವಾಸಿ

ಇಷ್ಟು ಬೇಗ ಬಿದ್ದುಹೋದ್ರಾ! ಎಮರ್ಸನ್ ಒಬ್ಬನೇ ಬಂದರೆ ಸಾಲಲ್ಲ. ನಾಳೆಯೇ ಮೌಂಡ್ ಹತ್ತಿ ಎಸೆಯುವ ಒಬ್ಬ ಪಿಚರ್ ಬೇಕೇ ಬೇಕು. ಅಂಥ ಪಿಚರ್ ಕೊಡೋ ತಂಡ ಇದ್ದರೆ ಮಾತ್ರ ನಾನು ಫೋನ್ ಎತ್ತುತ್ತೇನೆ. ಬರೀ ಹುಡುಗರ ಪಟ್ಟಿ ಓದೋದಾದರೆ ನಮ್ಮ ತಂಡದ ಟ್ರೇಡ್ ನಿರ್ಧರಿಸುವ ಸ್ಕಾಟ್ ಹ್ಯಾರಿಸ್ ಫೋನ್ ಇಟ್ಟುಬಿಡಲಿ.

ಲೆಕ್ಕದ ಮೇಷ್ಟ್ರು

ಸರಿ, ಈ ಷರತ್ತಿಗೆ ನಾನೂ ತಯಾರು. ಆದರೆ ಅಂಥ ಪಿಚರ್ ಇರುವ ತಂಡ ಅವನನ್ನು ಯಾಕೆ ಕೊಡುತ್ತೆ ಅಂತ ಒಮ್ಮೆ ಕೇಳಿಕೊಳ್ಳಿ. ನೀವು ಕೇಳ್ತಿರೋ ಬೆಲೆ ಯಾರೂ ಕೊಡದ ಬೆಲೆ. ಸುಮ್ನೆ ‘ಕೊಡಲ್ಲ’ ಅಂದಿದ್ದರೆ ಇಷ್ಟು ಹೊತ್ತು ಉಳೀತಿತ್ತು.

ಟ್ರಾಯ್‌ವಾಸಿ

ಕೊಡಲ್ಲ.

ಕ್ಯಾಂಟನ್ ಅಮ್ಮ

ಆಯ್ತಲ್ಲ. ಟೈಗರ್ಸ್ ಮೈದಾನ ಕೊಮೆರಿಕಾ ಪಾರ್ಕ್‌ನಲ್ಲಿ ಏಪ್ರಿಲ್‌ನಲ್ಲಿ ಸ್ಕೂಬಲ್ ಎಸೆಯೋ ಒಂದು ಶನಿವಾರ ನೋಡಿ ಎಲ್ಲರೂ ಒಟ್ಟಿಗೆ ಹೋಗೋಣ. ಯಾರ್ಯಾರು ಬರ್ತೀರಿ ಹೇಳಿ, ಟಿಕೆಟ್ ಗುಂಪಾಗಿ ತಗೊಳ್ತೀನಿ. ಚಳಿ ಇರುತ್ತೆ, ಕಂಬಳಿ ನೀವೇ ತನ್ನಿ. ಪುಳಿಯೋಗರೆ ಪಾರ್ಕಿಂಗ್‌ನಲ್ಲೇ ತಿಂದು ಒಳಗೆ ಹೋಗೋದು.

ಲೆಕ್ಕದ ಮೇಷ್ಟ್ರು

ನನಗೆ ಎರಡು ಟಿಕೆಟ್. ಅಷ್ಟರಲ್ಲಿ ಟ್ರೇಡ್ ಆಗಿದ್ದರೆ ದುಡ್ಡು ವಾಪಸ್ ಕೊಡ್ತೀರಲ್ವಾ ಮೇಡಂ?